ಐಐಎಸ್‌ಸಿಗೆ 425 ಕೋಟಿ, ಹಂಪಿಯಲ್ಲಿ ಕರೆಂಟ್ ಬಿಲ್ ಬಾಕಿ: ದಾನದ ಹಣ ನಮ್ಮ ವಿ.ವಿ.ಗಳ ಕಡೆ ಯಾಕೆ ಬರುತ್ತಿಲ್ಲ?

2022ರ ಫೆಬ್ರವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) ಅದರ ಇತಿಹಾಸದಲ್ಲೇ ದೊಡ್ಡದೊಂದು ಖಾಸಗಿ ದಾನ ಬಂತು. ಸುಷ್ಮಿತಾ ಮತ್ತು ಸುಬ್ರತೋ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು ಸೇರಿ 425 ಕೋಟಿ ರೂಪಾಯಿ ಕೊಟ್ಟರು. ಅದು 800 ಹಾಸಿಗೆಯ ಆಸ್ಪತ್ರೆ ಮತ್ತು ವೈದ್ಯಕೀಯ ಸ್ನಾತಕೋತ್ತರ ಶಾಲೆ ಕಟ್ಟಲು ಕೊಟ್ಟ ಹಣ. ಮರುವರ್ಷ ಜೂನ್‌ನಲ್ಲಿ ನಂದನ್ ನಿಲೇಕಣಿ ತಾವು ಓದಿದ ಐಐಟಿ ಬಾಂಬೆಗೆ 315 ಕೋಟಿ ಕೊಟ್ಟರು. 2024ರ ಆಗಸ್ಟ್‌ನಲ್ಲಿ ಉದ್ಯಮಿ ಕೃಷ್ಣ ಚಿವುಕುಲ ತಾವು ಓದಿದ ಐಐಟಿ ಮದ್ರಾಸ್‌ಗೆ 228 ಕೋಟಿ ಕೊಟ್ಟರು.

ಹೆಚ್ಚುಕಮ್ಮಿ ಇದೇ ಹೊತ್ತಿನಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕರೆಂಟ್ ಬಿಲ್ ಬಾಕಿ ಉಳಿಸಿಕೊಂಡು ಸುದ್ದಿಯಾಯಿತು. 2025ರ ಫೆಬ್ರವರಿಯಲ್ಲಿ, ಹಿಂದಿನ ಸರ್ಕಾರದ ಕಾಲದಲ್ಲಿ ಶುರುವಾದ ಹತ್ತು ಹೊಸ ವಿ.ವಿ.ಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿಯಿಂದ ಬಂತು. ಹಣ ಇಲ್ಲ ಅನ್ನುವುದೇ ಅದಕ್ಕೆ ಕೊಟ್ಟ ಮುಖ್ಯ ಕಾರಣ.

ಎರಡನ್ನೂ ಓದಿದವರಿಗೆ ಗೊಂದಲ ಆಗುವುದು ಸಹಜ. ನೂರಾರು ಕೋಟಿ ಕೊಡುವವರು ನಮ್ಮಲ್ಲೇ ಇದ್ದಾರಲ್ವಾ? ಮೈಸೂರು, ಧಾರವಾಡ, ಕಲಬುರಗಿ, ಹಂಪಿಯ ವಿ.ವಿ.ಗಳೂ ಅವರನ್ನೇ ಕೇಳಬಾರದೇ? ದೊಡ್ಡ ಪ್ರತಿಷ್ಠಾನಗಳು ಕೈಜೋಡಿಸಿದರೆ ಸರ್ಕಾರದ ಮೇಲಿನ ಹೊರೆಯೂ ಇಳಿಯುತ್ತದಲ್ಲ?

ಕೇಳಬೇಕು, ಸರಿ. ಆದರೆ ನಮ್ಮ ವಿ.ವಿ.ಗಳಿಗೆ ಬೇಕಾಗಿರುವ ಹಣವೇ ಬೇರೆ, ದಾನಿಗಳು ಕೊಡುವ ಹಣವೇ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ‘ನೀವೇ ಹಣ ಹೊಂದಿಸಿಕೊಳ್ಳಿ’ ಅಂದರೆ ವಿ.ವಿ.ಗಳ ಕಷ್ಟ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತದೆ.

ಜೇಬು ಖಾಲಿಯಾದದ್ದು ಹೇಗೆ?

ರಾಜ್ಯ ವಿ.ವಿ.ಯ ಆದಾಯಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಸರ್ಕಾರದ ಅನುದಾನ, ಅದರಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಇನ್ನೊಂದು ‘ಆಂತರಿಕ ಸಂಪನ್ಮೂಲ’. ಹೆಸರು ದೊಡ್ಡದು, ಒಳಗಿರುವುದು ಸಂಯೋಜಿತ ಕಾಲೇಜುಗಳು ಕಟ್ಟುವ ಶುಲ್ಕ, ಪರೀಕ್ಷಾ ಶುಲ್ಕ, ಅಂಕಪಟ್ಟಿ ಮತ್ತು ಘಟಿಕೋತ್ಸವದ ಶುಲ್ಕ, ಅಷ್ಟೇ. ಅಂದರೆ ವಿ.ವಿ.ಯ ಕೈಗೆ ಬರುವ ಹಣ ಅದರ ಕೆಳಗೆ ಎಷ್ಟು ಕಾಲೇಜುಗಳಿವೆ, ಎಷ್ಟು ಮಕ್ಕಳು ಪರೀಕ್ಷೆ ಬರೆಯುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ಈಗ ಮೈಸೂರು ವಿ.ವಿ.ಯನ್ನು ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1916ರಲ್ಲಿ ಶುರುವಾದ ಸಂಸ್ಥೆ ಇದು. ಮಂಡ್ಯ, ಹಾಸನ, ಚಾಮರಾಜನಗರದ ಕಾಲೇಜುಗಳೆಲ್ಲ ಅದರ ಕೆಳಗೇ ಇದ್ದವು. ಮೂರೂ ಜಿಲ್ಲೆಗಳಿಗೆ ಬೇರೆ ಬೇರೆ ವಿ.ವಿ. ಬಂದಾಗ ಆ ಕಾಲೇಜುಗಳ ಶುಲ್ಕವೂ ಮೈಸೂರಿನ ಕೈಬಿಟ್ಟಿತು. ಆದರೆ ಹಳೆಯ ನೌಕರರು, ನಿವೃತ್ತರು, ಹಳೆಯ ಕಟ್ಟಡಗಳು ಮೈಸೂರಿನಲ್ಲೇ ಉಳಿದವು. ಬೆಂಗಳೂರು ವಿ.ವಿ. ಮೂರು ಭಾಗ ಆದಾಗಲೂ ಇದೇ ಕಥೆ.

ಇದರ ಮೇಲೆ ಪಿಂಚಣಿ. ನಿವೃತ್ತರ ಪಿಂಚಣಿಯ ದೊಡ್ಡ ಪಾಲನ್ನು ನೀವೇ ನಿಮ್ಮ ಆಂತರಿಕ ಸಂಪನ್ಮೂಲದಿಂದ ಕೊಡಿ ಎಂದು ವಿ.ವಿ.ಗಳಿಗೆ ಹೇಳಲಾಗಿದೆ. ಆದಾಯ ಇಳಿಯುತ್ತಿದೆ, ನಿವೃತ್ತರ ಸಂಖ್ಯೆ ಏರುತ್ತಿದೆ. ಹೀಗಾಗಿ ಅಧ್ಯಾಪಕರ ಹುದ್ದೆ ಖಾಲಿಯಾದರೆ ತುಂಬುವುದಿಲ್ಲ. ಹಲವು ವಿ.ವಿ.ಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಇವೆ, ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಕಾಯಂ ಅಧ್ಯಾಪಕರಿಲ್ಲದಿದ್ದರೆ ಸಂಶೋಧನೆ ಇಲ್ಲ. ಸಂಶೋಧನೆ ಇಲ್ಲದ ಕಡೆ ದಾನಿಯೂ ಬರುವುದಿಲ್ಲ.

ಹಾಗಾಗಿ ವಿ.ವಿ.ಯ ಇವತ್ತಿನ ಕೊರತೆ ಅಂದರೆ ಪಿಂಚಣಿ, ಸಂಬಳ, ಕರೆಂಟು, ನೀರು, ಛಾವಣಿ ರಿಪೇರಿ. ಇವೆಲ್ಲ ಪ್ರತಿ ತಿಂಗಳೂ ಬರುವ ಖರ್ಚು. ಇವಕ್ಕೆ ಹಣ ಕೊಡುತ್ತೇನೆ ಅನ್ನುವ ದಾನಿಯನ್ನು ಹುಡುಕುವುದು ಬಹಳ ಕಷ್ಟ.

ಖಾಸಗಿ ಹಣದಲ್ಲೂ ಮೂರು ಬಗೆ

ನಾವು ಎಲ್ಲವನ್ನೂ ಸೇರಿಸಿ ‘ದಾನ’ ಅಂದುಬಿಡುತ್ತೇವೆ. ಆದರೆ ಹಣ ಎಲ್ಲಿಂದ ಬಂತು ಅನ್ನುವುದರ ಮೇಲೆ ಅದನ್ನು ಹೇಗೆ ಖರ್ಚು ಮಾಡಬಹುದು ಅನ್ನುವುದು ನಿಂತಿದೆ.

ಮೊದಲನೆಯದು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯಿದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ದೇಶದಲ್ಲಿ ವರ್ಷಕ್ಕೆ ಇದು ಈಗ 30 ಸಾವಿರ ಕೋಟಿ ದಾಟಿದೆ, ಅದರಲ್ಲಿ ದೊಡ್ಡ ಪಾಲು ಶಿಕ್ಷಣಕ್ಕೇ ಹೋಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಈ ‘ಶಿಕ್ಷಣ’ದಲ್ಲಿ ಶಾಲೆಯ ಶೌಚಾಲಯ, ಸ್ಮಾರ್ಟ್ ಕ್ಲಾಸ್, ಕೌಶಲ ತರಬೇತಿ ಎಲ್ಲವೂ ಸೇರಿವೆ. ವಿ.ವಿ.ಗೆ ಬರುವುದು ಅದರಲ್ಲಿ ಒಂದು ಸಣ್ಣ ತುಣುಕು.

ಎರಡನೆಯದು ಪ್ರತಿಷ್ಠಾನ, ಟ್ರಸ್ಟ್‌ಗಳ ಹಣ. ಟಾಟಾ ಟ್ರಸ್ಟ್‌ಗಳಂಥ ಹಳೆಯವು ಇವೆ. ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್‌ನಂಥ ಹೊಸವೂ ಇವೆ. ಐಐಎಸ್‌ಸಿ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರಕ್ಕೆ ಹಣ ಕೊಟ್ಟಿದ್ದು ಈ ಟ್ರಸ್ಟೇ. ಇಲ್ಲಿ ನಮ್ಮ ದೇಶದ ಒಂದು ವಿಶೇಷವನ್ನು ಗಮನಿಸಬೇಕು. ಅತಿ ದೊಡ್ಡ ದಾನಿಗಳಲ್ಲಿ ಹಲವರು ಇರುವ ವಿ.ವಿ.ಗೆ ಕೊಡುವ ಬದಲು ತಮ್ಮದೇ ವಿ.ವಿ. ಕಟ್ಟಿದ್ದಾರೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2010ರಲ್ಲಿ ಕರ್ನಾಟಕದ ಕಾಯಿದೆಯಡಿಯಲ್ಲೇ ಅಜೀಂ ಪ್ರೇಮ್‌ಜಿ ವಿ.ವಿ. ಶುರು ಮಾಡಿತು. ಶಿವ ನಾಡರ್, ಅಶೋಕ ವಿ.ವಿ.ಗಳೂ ಹೀಗೇ ಬಂದವು. ಇದೇ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಪದವಿ ಓದಲು ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ತುಂಬಾ ದೊಡ್ಡ ಕೆಲಸ ಅದು. ಆದರೆ ಆ ಹಣ ವಿದ್ಯಾರ್ಥಿನಿಯ ಬ್ಯಾಂಕ್ ಖಾತೆಗೆ ಹೋಗುತ್ತದೆ, ವಿ.ವಿ.ಯ ಖಾತೆಗಲ್ಲ.

ಮೂರನೆಯದು ವ್ಯಕ್ತಿಗಳು ಸ್ವಂತ ಜೇಬಿನಿಂದ ಕೊಡುವುದು. ಮೇಲೆ ಹೇಳಿದ 425, 315, 228 ಕೋಟಿಗಳು ಈ ಬಗೆಯವು. ಅತಿ ದೊಡ್ಡ ಕೊಡುಗೆಗಳು ಕಂಪನಿಗಿಂತ ವ್ಯಕ್ತಿಗಳಿಂದಲೇ ಬರಲು ಕಾನೂನಿನಲ್ಲೂ ಕಾರಣ ಇದೆ.

ಕಾನೂನು ಎಳೆದ ಗೆರೆ

ವಿ.ವಿ.ಗೆ ನಿಜಕ್ಕೂ ಸಹಾಯ ಆಗುವುದು ದತ್ತಿನಿಧಿಯಿಂದ. ಮೂಲಧನವನ್ನು ಮುಟ್ಟದೆ, ಅದರ ಬಡ್ಡಿ ಅಥವಾ ಆದಾಯವನ್ನು ಮಾತ್ರ ಖರ್ಚು ಮಾಡುವ ನಿಧಿ ಅದು. ಇದು ನಮಗೆ ಹೊಸದೇನಲ್ಲ. ಜಮ್ಷೆಡ್‌ಜಿ ಟಾಟಾ ಐಐಎಸ್‌ಸಿಗೆಂದು ಬರೀ ಒಂದು ಗಂಟು ಹಣ ಎತ್ತಿಡಲಿಲ್ಲ, ಮುಂಬೈಯಲ್ಲಿ ಆದಾಯ ತರುವ ಆಸ್ತಿಗಳನ್ನೇ ಮೀಸಲಿಟ್ಟರು. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟಿತು. ಟಾಟಾ 1904ರಲ್ಲೇ ತೀರಿಕೊಂಡರು, ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಕೊಟ್ಟವರು ಹೋದ ಮೇಲೂ ಆ ಆಸ್ತಿಯ ಆದಾಯ ಸಂಸ್ಥೆಗೆ ಬರುತ್ತಲೇ ಇತ್ತು. ಉತ್ತರ ಕರ್ನಾಟಕದಲ್ಲಿ ಸಿರಸಂಗಿ ಲಿಂಗರಾಜರು ಮಾಡಿದ್ದೂ ಇದನ್ನೇ. 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಉಯಿಲು ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಓದಿದವರು ತಲೆಮಾರುಗಳ ಉದ್ದಕ್ಕೂ ಇದ್ದಾರೆ.

ಇವತ್ತು ಕಂಪನಿಯೊಂದು ಸಿಎಸ್‌ಆರ್ ಹಣದಲ್ಲಿ ಹೀಗೆ ಮಾಡಲು ಆಗುವುದಿಲ್ಲ. 2021ರ ಜನವರಿಯಲ್ಲಿ ಸಿಎಸ್‌ಆರ್ ನಿಯಮಗಳು ಬದಲಾದ ಮೇಲೆ, ಯಾವುದೇ ಸಂಸ್ಥೆಯ ಮೂಲನಿಧಿಗೆ ಕೊಟ್ಟ ಹಣವನ್ನು ಸಿಎಸ್‌ಆರ್ ಖರ್ಚು ಅಂತ ತೋರಿಸುವಂತಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ ಸ್ಪಷ್ಟ ಮಾಡಿದೆ. ಹಣ ನಿಧಿಯಲ್ಲಿ ಸುಮ್ನೆ ಕೂರಬಾರದು, ಕೆಲಸಕ್ಕೆ ಖರ್ಚಾಗಬೇಕು ಅನ್ನುವುದು ಸಚಿವಾಲಯದ ಉದ್ದೇಶ. ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಪರಿಣಾಮ ಏನಾಯಿತು? ಕಂಪನಿ ಕೊಟ್ಟ ಹಣ ಆ ವರ್ಷವೇ ಖರ್ಚಾಗಬೇಕು. ‘ಮುಂದುವರಿಯುವ ಯೋಜನೆ’ ಅಂತ ಹೆಸರಿಸಿದರೆ ಮುಂದಿನ ಮೂರು ವರ್ಷದೊಳಗೆ ಮುಗಿಯಬೇಕು. ವಿ.ವಿ. ನೂರು ವರ್ಷ ಬಾಳುವ ಸಂಸ್ಥೆ. ಅದಕ್ಕೆ ಬರುವ ಹಣದ ಆಯಸ್ಸು ಮೂರು-ನಾಲ್ಕು ವರ್ಷ.

ಟ್ರಸ್ಟ್‌ಗಳಿಗೂ ಇಂಥದೇ ಅಡ್ಡಿ ಇದೆ. ಒಂದು ಧರ್ಮಾರ್ಥ ಟ್ರಸ್ಟ್ ತನ್ನ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಿತ ಕೆಲಸಕ್ಕೆ ಬಳಸಿದರೆ ಮಾತ್ರ ತೆರಿಗೆ ವಿನಾಯಿತಿ ಪೂರ್ತಿ ಸಿಗುತ್ತದೆ. ಆ ವರ್ಷದ ಆದಾಯದಿಂದ ಇನ್ನೊಂದು ಟ್ರಸ್ಟಿನ ಮೂಲನಿಧಿಗೆ ಕೊಟ್ಟರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. 2017ರ ಹಣಕಾಸು ಕಾಯಿದೆ ತಂದ ಬದಲಾವಣೆ ಇದು.

ಉಳಿದದ್ದು ಸ್ವಂತ ಸಂಪತ್ತಿನಿಂದ ಕೊಡುವ ವ್ಯಕ್ತಿಗಳು. ಅಂಥವರು ಎಲ್ಲಿ ಓದಿದ್ದಾರೋ ಅಲ್ಲಿಗೇ ಕೊಡುವುದು ಜಾಸ್ತಿ. ಅದಕ್ಕೇ ಐಐಟಿಗಳ ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. ಸಣ್ಣ ಮೊತ್ತ ಕೊಡುವ ಹಳೆಯ ವಿದ್ಯಾರ್ಥಿಗಳಿಗೆ, ದಾನ ಕೊಟ್ಟ ಹಣಕ್ಕೆ ಸಿಗುವ 80ಜಿ ಆದಾಯ ತೆರಿಗೆ ವಿನಾಯಿತಿ ಒಂದು ಪ್ರೋತ್ಸಾಹ ಆಗಿತ್ತು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದೂ ಸಿಗುವುದಿಲ್ಲ. ವಿದೇಶಿ ಪೌರತ್ವ ಪಡೆದ ಕನ್ನಡಿಗರು ಕೊಡಬೇಕೆಂದರೆ ಸಾಮಾನ್ಯವಾಗಿ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ದಾರಿ ದಾಟಬೇಕು. 2020ರ ತಿದ್ದುಪಡಿ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ.

ಚಿನ್ನದ ಪದಕದ ಲೆಕ್ಕ

ದತ್ತಿನಿಧಿ ಒಂದಿದ್ದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಅದಕ್ಕೆ ನಮ್ಮ ಘಟಿಕೋತ್ಸವದಲ್ಲೇ ಪುರಾವೆ ಇದೆ.

ಪ್ರತಿ ವಿ.ವಿ.ಯಲ್ಲೂ ಹತ್ತಾರು ದತ್ತಿ ಪದಕಗಳಿವೆ. ಅಪ್ಪ ಅಮ್ಮನ ನೆನಪಿಗೆ, ಗುರುವಿನ ಹೆಸರಲ್ಲಿ ಯಾರೋ ಇಟ್ಟ ನಿಧಿಗಳು. 1995ರಲ್ಲಿ ಒಬ್ಬರು ಒಂದು ಲಕ್ಷ ರೂಪಾಯಿ ಇಟ್ಟರು ಅಂತ ಹಿಡಿಯಿರಿ. ಆಗ ಬ್ಯಾಂಕ್ ಠೇವಣಿಗೆ ಶೇ. 12ರ ಆಸುಪಾಸು ಬಡ್ಡಿ. ವರ್ಷಕ್ಕೆ 12,000 ರೂಪಾಯಿ ಬಂತು. ಚಿನ್ನ ಗ್ರಾಂಗೆ 500 ರೂಪಾಯಿಯೂ ಇರಲಿಲ್ಲ. ಆ ಬಡ್ಡಿಯಲ್ಲಿ ಹತ್ತಿರ ಹತ್ತಿರ 25 ಗ್ರಾಂ ಚಿನ್ನ ಕೊಳ್ಳಬಹುದಿತ್ತು. 2025ಕ್ಕೆ ಬನ್ನಿ. ಬಡ್ಡಿ ಶೇ. 7 ಅಂದರೆ 7,000 ರೂಪಾಯಿ. ಆ ವರ್ಷ ಏಪ್ರಿಲ್‌ನಲ್ಲಿ ಅಪರಂಜಿ ಚಿನ್ನ ಗ್ರಾಂಗೆ 10,000 ರೂಪಾಯಿ ದಾಟಿತು. ಅದೇ ನಿಧಿಯ ಬಡ್ಡಿಗೆ ಈಗ ಒಂದು ಗ್ರಾಂ ಕೂಡ ಬರುವುದಿಲ್ಲ.

ಮೂಲಧನ ಒಂದು ರೂಪಾಯಿಯೂ ಕಮ್ಮಿಯಾಗಿಲ್ಲ, ಲೆಕ್ಕಪತ್ರದಲ್ಲಿ ತಪ್ಪಿಲ್ಲ. ಆದರೂ ನಿಧಿ ಕರಗಿಹೋಗಿದೆ. ಕಾರಣ ಏನೆಂದರೆ ಬಂದ ಬಡ್ಡಿಯನ್ನೆಲ್ಲ ಪ್ರತಿ ವರ್ಷ ಖರ್ಚು ಮಾಡಲಾಯಿತು, ಬೆಲೆ ಏರಿಕೆಗೆ ತಕ್ಕಂತೆ ಒಂದು ಪಾಲನ್ನು ಮೂಲಧನಕ್ಕೆ ಸೇರಿಸಲಿಲ್ಲ. ಅಮೆರಿಕದ ದೊಡ್ಡ ವಿ.ವಿ.ಗಳು ಇದಕ್ಕೇ ನಿಧಿಯ ಶೇ. 4ರಿಂದ 5ರಷ್ಟನ್ನು ಮಾತ್ರ ವರ್ಷಕ್ಕೆ ತೆಗೆಯುತ್ತವೆ, ಉಳಿದದ್ದನ್ನು ಬೆಳೆಯಲು ಬಿಡುತ್ತವೆ.

ಈ ಶೇ. 4ರ ನಿಯಮವನ್ನು ನಮ್ಮ ಒಂದು ವಿ.ವಿ.ಗೆ ಹಾಕಿ ನೋಡೋಣ. ಯಾರೋ ಪುಣ್ಯಾತ್ಮರು 100 ಕೋಟಿ ಕೊಟ್ಟರು ಅನ್ನಿ. ವರ್ಷಕ್ಕೆ ಖರ್ಚಿಗೆ ಸಿಗುವುದು 4 ಕೋಟಿ. ಹಿರಿಯ ಪ್ರಾಧ್ಯಾಪಕರೊಬ್ಬರ ಸಂಬಳ, ಭತ್ಯೆ ಎಲ್ಲ ಸೇರಿ 25ರಿಂದ 30 ಲಕ್ಷ ಅಂತ ಹಿಡಿದರೆ, ಆ ಹಣದಲ್ಲಿ ನೇಮಕ ಮಾಡಬಹುದಾದದ್ದು ಹದಿನೈದು ಜನರ ಆಸುಪಾಸು. ನೂರಾರು ಹುದ್ದೆ ಖಾಲಿ ಇರುವ ಕಡೆ ಹದಿನೈದು ಜನ! ಸಹಾಯ ಖಂಡಿತ ದೊಡ್ಡದು, ಆದರೆ ಸರ್ಕಾರ ಕೈಬಿಟ್ಟ ಜಾಗವನ್ನು ಅದು ತುಂಬಲಾರದು.

ಒಂದು ಕೋಟಿಯ ಯೋಜನೆಯ ಒಳಗೆ

ಈಗ ಯೋಜನೆಗೆಂದು ಬರುವ ಹಣವನ್ನು ಹತ್ತಿರದಿಂದ ನೋಡೋಣ. ಒಂದು ಪ್ರತಿಷ್ಠಾನ ರಸಾಯನಶಾಸ್ತ್ರ ವಿಭಾಗಕ್ಕೆ ಮೂರು ವರ್ಷದ ಕೆಲಸಕ್ಕೆ 1 ಕೋಟಿ ಕೊಡುತ್ತದೆ ಎಂದುಕೊಳ್ಳಿ. 50 ಲಕ್ಷ ಒಂದು ಉಪಕರಣಕ್ಕೆ, 35 ಲಕ್ಷ ಸಂಶೋಧನಾ ಸಹಾಯಕರ ವೇತನಕ್ಕೆ, 10 ಲಕ್ಷ ರಾಸಾಯನಿಕ, ಓಡಾಟಕ್ಕೆ. ಕರೆಂಟು, ಕಚೇರಿ ಕೆಲಸದಂಥ ವಿ.ವಿ.ಯ ಮೇಲ್ಖರ್ಚಿಗೆ ಅಂತ 5 ಲಕ್ಷ.

ಉಪಕರಣ ಬಂದ ಮೇಲೆ ಅದಕ್ಕೆ ದಿನವಿಡೀ ಎಸಿ ಬೇಕು, ಯುಪಿಎಸ್ ಬೇಕು, ಕರೆಂಟ್ ಬಿಲ್ ಏರುತ್ತದೆ. ಖರೀದಿಗೆ ಟೆಂಡರ್ ಕರೆಯಬೇಕು, ಯಾಕೆಂದರೆ ರಾಜ್ಯ ವಿ.ವಿ.ಗಳು ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯಿದೆಯಡಿ ಬರುತ್ತವೆ. ಟೆಂಡರ್ ಫೈಲ್ ನೋಡಲು ನೌಕರರು ಬೇಕು. ಪ್ರತಿ ಕಂತಿಗೂ ಬಳಕೆ ಪ್ರಮಾಣಪತ್ರ, ಲೆಕ್ಕ ಪರಿಶೋಧಕರ ಸಹಿ, ಪ್ರಗತಿ ವರದಿ. ಮೂರು ವರ್ಷ ಮುಗಿದ ಮೇಲೆ ಉಪಕರಣದ ವಾರ್ಷಿಕ ನಿರ್ವಹಣೆಗೆ ಕಂಪನಿ ಲಕ್ಷಗಳಲ್ಲಿ ಕೇಳುತ್ತದೆ. ಆ ಹೊತ್ತಿಗೆ ಯೋಜನೆಯ ಹಣ ಮುಗಿದಿರುತ್ತದೆ, ಸಹಾಯಕರು ಬೇರೆ ಕಡೆ ಹೋಗಿರುತ್ತಾರೆ. ವಿ.ವಿ. ದುಡ್ಡು ಕೊಡದಿದ್ದರೆ ಉಪಕರಣ ಬಟ್ಟೆ ಹೊದ್ದು ಮೂಲೆ ಸೇರುತ್ತದೆ.

ಮೇಲ್ಖರ್ಚಿಗೆ ಸಿಕ್ಕ 5 ಲಕ್ಷದಲ್ಲಿ ಇದೆಲ್ಲ ಆಗುವುದಿಲ್ಲ. ಅಂದರೆ ಪ್ರತಿ ಹೊಸ ಯೋಜನೆಗೂ ವಿ.ವಿ. ತನ್ನ ಕೈಯಿಂದಲೂ ಸ್ವಲ್ಪ ಹಾಕುತ್ತಿರುತ್ತದೆ. ಹಣವಂತ ಸಂಸ್ಥೆಗೆ ಇದು ತಡೆಯುತ್ತದೆ. ಬಡ ವಿ.ವಿ.ಗೆ ದಾನ ಬಂದಷ್ಟೂ ಕೊರತೆ ಏರುತ್ತದೆ. ಬೇರೆ ದೇಶಗಳಲ್ಲೂ ಈ ಜಗಳ ಇದೆ. ಅಮೆರಿಕದ ದೊಡ್ಡ ಸಂಶೋಧನಾ ವಿ.ವಿ.ಗಳು ಸರ್ಕಾರಿ ಅನುದಾನದ ಮೇಲೆ ಶೇ. 50ಕ್ಕಿಂತ ಜಾಸ್ತಿ ಮೇಲ್ಖರ್ಚು ಪಡೆಯುವುದುಂಟು. ಆದರೆ ಗೇಟ್ಸ್ ಪ್ರತಿಷ್ಠಾನ ಅಲ್ಲಿನ ವಿ.ವಿ.ಗಳಿಗೆ ಶೇ. 10ರ ಮಿತಿ ಹಾಕಿದೆ. 2025ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ವೈದ್ಯಕೀಯ ಸಂಶೋಧನಾ ಅನುದಾನದ ಮೇಲ್ಖರ್ಚನ್ನು ಶೇ. 15ಕ್ಕೆ ಇಳಿಸಲು ಹೊರಟಾಗ, ‘ಪ್ರತಿಷ್ಠಾನಗಳಿಂದ ನೀವು ಕಮ್ಮಿ ತಗೊಳ್ಳುತ್ತೀರಲ್ಲ’ ಅನ್ನುವುದನ್ನೇ ವಾದವಾಗಿ ಇಟ್ಟಿತು. ವಿ.ವಿ.ಗಳು ಕೋರ್ಟ್ ಮೆಟ್ಟಿಲೇರಿದವು. ದಾನಿಗಳಿಂದ ಕಮ್ಮಿಗೆ ಒಪ್ಪಿಕೊಂಡದ್ದು ಹೇಗೆ ತಿರುಗಿ ಬರಬಹುದು ಅನ್ನುವುದಕ್ಕೆ ಇದು ಉದಾಹರಣೆ.

ಯಾರು ಏನು ಹೇಳುತ್ತಿದ್ದಾರೆ?

ಸರ್ಕಾರಗಳ ವಾದ ಸರಳ. ಬೊಕ್ಕಸಕ್ಕೆ ಮಿತಿ ಇದೆ, ಶಾಲೆ, ಆರೋಗ್ಯ, ನೀರಾವರಿ ಎಲ್ಲವೂ ಬೇಕು, ಹಾಗಾಗಿ ಉನ್ನತ ಶಿಕ್ಷಣಕ್ಕೆ ಖಾಸಗಿ ಹಣ ಬರಲಿ. ಕೇಂದ್ರದ ಯೋಚನೆಯೂ ಇದೇ. 2023ರಲ್ಲಿ ಕಾಯಿದೆ ಮಾಡಿ ಸ್ಥಾಪಿಸಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿಯ ಲೆಕ್ಕ ಹಾಕಲಾಯಿತು. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ. ಉಳಿದ 36,000 ಕೋಟಿ ಉದ್ದಿಮೆಗಳು, ದಾನಿಗಳು ಮುಂತಾದ ಹೊರಗಿನ ಮೂಲಗಳಿಂದ ಬರಬೇಕು ಅನ್ನುವ ನಿರೀಕ್ಷೆ.

ಅಧ್ಯಾಪಕರ, ವಿದ್ಯಾರ್ಥಿಗಳ ಸಂಘಟನೆಗಳ ಆತಂಕ ಬೇರೆ. ಇವತ್ತು ‘ದಾನ ತನ್ನಿ’ ಅನ್ನುವವರು ನಾಳೆ ‘ದಾನ ಬಂತಲ್ಲ, ಅನುದಾನ ಯಾಕೆ’ ಅನ್ನುತ್ತಾರೆ, ದಾನ ಬರದಿದ್ದರೆ ಶುಲ್ಕ ಏರುತ್ತದೆ, ಹೊರೆ ಬೀಳುವುದು ಹಳ್ಳಿಯಿಂದ ಬಂದ ಮೊದಲ ತಲೆಮಾರಿನ ಮಕ್ಕಳ ಮೇಲೆ ಎಂದು ಅವರು ಹೇಳುತ್ತಾರೆ. ಈ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಅನುದಾನ ಬಿಗಿಯಾದ ಕಡೆಯಲ್ಲೆಲ್ಲ ವಿ.ವಿ.ಗಳು ಮೊದಲು ಕೈಹಾಕಿದ್ದು ವಿದ್ಯಾರ್ಥಿಗಳ ಶುಲ್ಕದಲ್ಲೇ ನಡೆಯುವ ಸ್ವ-ಹಣಕಾಸು ಕೋರ್ಸುಗಳಿಗೇ.

ದಾನಿಗಳದೂ ಒಂದು ಮಾತಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕುಲಪತಿಯ ಅವಧಿ ನಾಲ್ಕು ವರ್ಷ. ಅವರು ಹೋದ ಮೇಲೆ ಒಪ್ಪಂದದ ಗತಿ ಏನು? ಕೊಟ್ಟ ಹಣ ವಿ.ವಿ.ಯ ಸಾಮಾನ್ಯ ಖಾತೆಯಲ್ಲಿ ಸೇರಿ ಪಿಂಚಣಿಗೆ ಹೋಗುವುದಿಲ್ಲ ಅನ್ನುವುದಕ್ಕೆ ಖಾತರಿ ಏನು? ಕಟ್ಟಡದ ಟೆಂಡರ್ ಎರಡು ವರ್ಷ ಎಳೆದರೆ ಯಾರನ್ನು ಕೇಳುವುದು? ಐಐಎಸ್‌ಸಿ, ಐಐಟಿಗಳಲ್ಲಿ ಇದಕ್ಕೆ ಉತ್ತರ ಕೊಡಲು ಪ್ರತ್ಯೇಕ ಕಚೇರಿಗಳಿವೆ. ಹಳೆಯ ವಿದ್ಯಾರ್ಥಿಗಳ ಸಂಪರ್ಕ, ಪ್ರಸ್ತಾವನೆ, ಒಪ್ಪಂದ, ವರದಿ ಎಲ್ಲ ನೋಡಿಕೊಳ್ಳುವ ಡೀನ್ ಇದ್ದಾರೆ, ಪೂರ್ಣಾವಧಿ ಸಿಬ್ಬಂದಿ ಇದ್ದಾರೆ. ಐಐಟಿ ಮದ್ರಾಸ್ 2023-24ರ ಒಂದೇ ವರ್ಷದಲ್ಲಿ 513 ಕೋಟಿ ಸಂಗ್ರಹಿಸಿತು. ಅದು ವರ್ಷಗಟ್ಟಲೆ ನಡೆದ ಕಚೇರಿ ಕೆಲಸದ ಫಲ. ನಮ್ಮ ರಾಜ್ಯ ವಿ.ವಿ.ಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಪಾಠ ಮಾಡುವ ಪ್ರಾಧ್ಯಾಪಕರೊಬ್ಬರ ಹೆಗಲಿಗೆ ಹೆಚ್ಚುವರಿಯಾಗಿ ಬೀಳುತ್ತದೆ.

ಕೊಟ್ಟವರ ಮಾತು ಎಲ್ಲಿಯವರೆಗೆ?

ಹಣದ ಜೊತೆ ಪ್ರಭಾವವೂ ಬರುತ್ತದೆ. 2021ರ ಮಾರ್ಚ್‌ನಲ್ಲಿ ಅಶೋಕ ವಿ.ವಿ.ಯಿಂದ ರಾಜಕೀಯ ಚಿಂತಕ, ಪ್ರಾಧ್ಯಾಪಕ ಪ್ರತಾಪ್ ಭಾನು ಮೆಹ್ತಾ ರಾಜೀನಾಮೆ ಕೊಟ್ಟಾಗ, ತಾವು ಅಲ್ಲಿರುವುದು ಸಂಸ್ಥೆಗೆ ರಾಜಕೀಯ ಹೊರೆ ಎಂದು ಸಂಸ್ಥಾಪಕರ ಜೊತೆಗಿನ ಮಾತುಕತೆಯಲ್ಲಿ ಸ್ಪಷ್ಟವಾಯಿತು ಎಂದು ಬರೆದರು. ದಾನಿಗಳ ಹಣದಲ್ಲೇ ನಡೆಯುವ ಸಂಸ್ಥೆಯಲ್ಲಿ ದಾನಿಗಳ ಮೇಲೆ ಬೀಳುವ ಒತ್ತಡ ತರಗತಿಯವರೆಗೂ ಇಳಿಯಬಲ್ಲದು ಅನ್ನುವುದನ್ನು ಆ ಪ್ರಸಂಗ ತೋರಿಸಿತು. 2023ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿ.ವಿ.ಯಲ್ಲಿ ದೊಡ್ಡ ದಾನಿಗಳು ಹಣ ನಿಲ್ಲಿಸುವುದಾಗಿ ಹೇಳಿದರು. ಆ ಒತ್ತಡ, ಜೊತೆಗೆ ಸಂಸತ್ ಸಮಿತಿಯ ಮುಂದಿನ ವಿಚಾರಣೆಯ ಗದ್ದಲ ಸೇರಿ ಅಧ್ಯಕ್ಷೆ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು.

ಸರ್ಕಾರದ ಹಣದಲ್ಲಿ ಹಸ್ತಕ್ಷೇಪ ಇಲ್ಲವೇ? ಇದೆ. ಕುಲಪತಿ ನೇಮಕದಿಂದ ವಿ.ವಿ.ಯ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸದಸ್ಯರವರೆಗೆ ಎಲ್ಲರಿಗೂ ಗೊತ್ತಿರುವ ವಿಷಯ ಅದು. ಆದರೆ ಸರ್ಕಾರವನ್ನು ವಿಧಾನಸಭೆಯಲ್ಲಿ ಕೇಳಬಹುದು, ಆರ್‌ಟಿಐ ಹಾಕಬಹುದು. ಖಾಸಗಿ ದಾನಿಯ ಜೊತೆಗಿನ ಒಪ್ಪಂದ ಪತ್ರವನ್ನು ವಿ.ವಿ. ತಾನಾಗಿ ಪ್ರಕಟಿಸದಿದ್ದರೆ ಅದರಲ್ಲಿ ಏನಿದೆ ಅಂತ ಹೊರಗಿನವರಿಗೆ ತಿಳಿಯುವುದು ಕಷ್ಟ.

ಒತ್ತಡಕ್ಕಿಂತಲೂ ಮೌನವಾಗಿ ಕೆಲಸ ಮಾಡುವುದು ಆಯ್ಕೆ. ದಾನಿ ಯಾರನ್ನೂ ತಡೆಯುವುದಿಲ್ಲ, ತನಗೆ ಬೇಕಾದ ವಿಷಯಕ್ಕೆ ಮಾತ್ರ ಕೊಡುತ್ತಾನೆ. ಸಿಎಸ್‌ಆರ್ ಪಟ್ಟಿಯಲ್ಲೂ ಸರ್ಕಾರಿ ವಿ.ವಿ.ಗಳ ಸಂಶೋಧನೆಗೆ ಕೊಡಬಹುದು ಎಂದು ಹೆಸರಿಸಿರುವುದು ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯಕ್ಕೆ. ಶಾಸನ ಓದುವ, ಹಸ್ತಪ್ರತಿ ಉಳಿಸುವ, ಬುಡಕಟ್ಟು ನುಡಿಗಳನ್ನು ದಾಖಲಿಸುವ ಹಂಪಿ ವಿ.ವಿ.ಯಂಥ ಕಡೆಗೆ ಆ ಸಾಲಿನಲ್ಲಿ ಜಾಗವೇ ಇಲ್ಲ. ಶಿಕ್ಷಣ, ಸಂಸ್ಕೃತಿ ರಕ್ಷಣೆ ಅನ್ನುವ ಬೇರೆ ಬಾಗಿಲುಗಳಿಂದ ಬರಬಹುದು, ಆದರೆ ಬಂದದ್ದು ಕಮ್ಮಿ. ಭಾರತದ ಹಳೆಯ ಸಾಹಿತ್ಯವನ್ನು ಮೂಲ ಮತ್ತು ಇಂಗ್ಲಿಷ್ ಅನುವಾದದೊಂದಿಗೆ ತರುವ ದೊಡ್ಡ ಗ್ರಂಥಮಾಲೆಗೆ ರೋಹನ್ ಮೂರ್ತಿ 2010ರಲ್ಲಿ 52 ಲಕ್ಷ ಡಾಲರ್ ಕೊಟ್ಟರು. ಅದರಲ್ಲಿ ಕನ್ನಡದ ಹಳೆಯ ಕಾವ್ಯಕ್ಕೂ ಜಾಗ ಸಿಕ್ಕಿದೆ. ಹಣ ಹೋದದ್ದು ಹಾರ್ವರ್ಡ್‌ಗೆ. ದತ್ತಿಯನ್ನು ತಲೆಮಾರುಗಟ್ಟಲೆ ಜೋಪಾನವಾಗಿ ನಡೆಸುವ ವ್ಯವಸ್ಥೆ ಅಲ್ಲಿ ಇದೆ. ಅಂಥದ್ದೊಂದು ವ್ಯವಸ್ಥೆಯನ್ನು ನಾವು ಮೈಸೂರಿನಲ್ಲೋ ಹಂಪಿಯಲ್ಲೋ ಕಟ್ಟಿಲ್ಲ ಅನ್ನುವುದು ನಿಜಕ್ಕೂ ಬೇಸರದ ಸಂಗತಿ.

ಊರುಗಳ ನಡುವೆಯೂ ಅಂತರ ಬೆಳೆಯುತ್ತದೆ. ಕಂಪನಿಗಳು ತಮ್ಮ ಕಾರ್ಯಕ್ಷೇತ್ರದ ಸುತ್ತಮುತ್ತ ಖರ್ಚು ಮಾಡಲು ಆದ್ಯತೆ ಕೊಡಬೇಕು ಅನ್ನುತ್ತದೆ ಸಿಎಸ್‌ಆರ್ ಕಾಯಿದೆ. ನಮ್ಮ ದೊಡ್ಡ ಕಂಪನಿಗಳು ಎಲ್ಲಿವೆ? ಬಹುಪಾಲು ಬೆಂಗಳೂರಿನಲ್ಲಿ. ಹಾಗಾಗಿ ಕೊಪ್ಪಳ, ಹಾವೇರಿ, ರಾಯಚೂರಿನ ವಿ.ವಿ.ಗಳು ಈ ಸ್ಪರ್ಧೆಗೆ ಇಳಿಯುವ ಮೊದಲೇ ಹಿಂದೆ ಬಿದ್ದಿರುತ್ತವೆ.

ಹಾಗಾದರೆ ದಾರಿ?

ಖಾಸಗಿ ಹಣ ಬೇಡ ಅನ್ನುವುದು ಉತ್ತರ ಅಲ್ಲ. ಅದು ಬಂದು ಉಪಯೋಗಕ್ಕೆ ಬೀಳುವಂತೆ ಮಾಡಬೇಕು. ಹಾಂಕಾಂಗ್ ಸರ್ಕಾರ 2003ರಲ್ಲಿ ಒಂದು ಯೋಜನೆ ತಂದಿತು. ವಿ.ವಿ. ಹೊರಗಿನಿಂದ ದಾನ ತಂದರೆ ಸರ್ಕಾರ ಅದಕ್ಕೆ ಸರಿಸಮ ಹಣ ಸೇರಿಸುತ್ತದೆ. ಸಿಂಗಪುರವೂ ದತ್ತಿನಿಧಿಗೆ ಬಂದ ದಾನಕ್ಕೆ ಇದೇ ರೀತಿ ಸೇರಿಸುತ್ತದೆ. ಇಲ್ಲಿ ದಾನ ಬಂದರೆ ಸರ್ಕಾರದ ಹಣ ಇಳಿಯುವುದಿಲ್ಲ, ಏರುತ್ತದೆ. ದಾನಿಗೂ ತಾನು ಕೊಟ್ಟದ್ದು ದುಪ್ಪಟ್ಟಾಗುತ್ತದೆ ಅನ್ನುವ ಉತ್ಸಾಹ. ಕರ್ನಾಟಕ ಇದನ್ನು ಮಾಡುವುದಾದರೆ ಜಿಲ್ಲಾ ವಿ.ವಿ.ಗಳಿಗೆ, ಭಾಷೆ ಮತ್ತು ಸಮಾಜ ವಿಜ್ಞಾನಗಳಿಗೆ ಜಾಸ್ತಿ ಪಾಲು ಸೇರಿಸಬೇಕು. ಇಲ್ಲದಿದ್ದರೆ ಬೆಂಗಳೂರಿನ ಎಐ ಕೇಂದ್ರಕ್ಕೇ ಎಲ್ಲ ಹೋಗುತ್ತದೆ.

ವಿ.ವಿ.ಗಳು ತಾವೇ ಮಾಡಬಹುದಾದದ್ದೂ ಇದೆ, ಅದಕ್ಕೆ ದೊಡ್ಡ ಹಣ ಬೇಕಿಲ್ಲ. ಪದವೀಧರರ ಪಟ್ಟಿ ಪರೀಕ್ಷಾ ವಿಭಾಗದಲ್ಲಿ ಕೂತಿದೆ. ಅವರನ್ನು ಸಂಪರ್ಕಿಸಲು ಇಬ್ಬರು-ಮೂವರ ಪೂರ್ಣಾವಧಿ ಕಚೇರಿ ಸಾಕು. ದತ್ತಿನಿಧಿಗೆ ಬೇರೆ ಖಾತೆ, ಬೇರೆ ಮಂಡಳಿ, ಪ್ರತಿ ವರ್ಷ ಎಷ್ಟು ತೆಗೆಯಬಹುದು ಅನ್ನುವ ನಿಯಮ ಬೇಕು, ಚಿನ್ನದ ಪದಕದ ಗತಿ ಮತ್ತೆ ಬರಬಾರದಲ್ಲ. ಯೋಜನೆ ಯಾವುದೇ ಇರಲಿ, ಇಂತಿಷ್ಟು ಮೇಲ್ಖರ್ಚು ಇಲ್ಲದೆ ಒಪ್ಪುವುದಿಲ್ಲ ಎಂದು ಸಿಂಡಿಕೇಟ್ ತೀರ್ಮಾನ ಮಾಡಿ ಅದಕ್ಕೆ ಅಂಟಿಕೊಳ್ಳಬೇಕು. ಒಂದೊಂದೇ ವಿ.ವಿ. ಹೀಗೆ ಹೇಳಿದರೆ ದಾನಿ ಪಕ್ಕದ ವಿ.ವಿ.ಗೆ ಹೋಗಬಹುದು. ಎಲ್ಲವೂ ಸೇರಿ ಹೇಳಿದರೆ ಮಾತಿಗೆ ಬೆಲೆ ಬರುತ್ತದೆ. ರಾಜ್ಯದ ಉನ್ನತ ಶಿಕ್ಷಣ ಪರಿಷತ್ತು ಮಾಡಬಹುದಾದ ಕೆಲಸ ಇದು. ನೇಮಕ, ಪಠ್ಯ, ಸಂಶೋಧನಾ ಫಲಿತಾಂಶದಲ್ಲಿ ದಾನಿಗೆ ಮಾತಿಲ್ಲ ಅನ್ನುವ ಷರತ್ತನ್ನು ಒಪ್ಪಂದದಲ್ಲೇ ಬರೆದು, ಒಪ್ಪಂದವನ್ನು ವೆಬ್‌ಸೈಟ್‌ನಲ್ಲಿ ಹಾಕಿದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಆದರೆ ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಪಿಂಚಣಿಯ ಇತ್ಯರ್ಥ. ಸರ್ಕಾರ ಈ ಹೊಣೆಯನ್ನು ತನ್ನ ಬಜೆಟ್‌ಗೆ ತೆಗೆದುಕೊಂಡರೆ ವಿ.ವಿ.ಯ ಆಂತರಿಕ ಆದಾಯ ಕರೆಂಟಿಗೆ, ಲ್ಯಾಬಿಗೆ, ನೇಮಕಕ್ಕೆ ಸಿಗುತ್ತದೆ. ಆಗ ‘ನಿಮ್ಮ ಹಣ ಹೊಸ ಕೆಲಸಕ್ಕೇ ಹೋಗುತ್ತದೆ’ ಎಂದು ಕುಲಪತಿ ದಾನಿಗೆ ಬರೆದುಕೊಡಬಹುದು. ಪಿಂಚಣಿ ವಿ.ವಿ.ಗಳ ತಲೆಯ ಮೇಲೇ ಇರುವಾಗ ಆ ಭರವಸೆ ಕೊಡಲು ಯಾವ ಕುಲಪತಿಗೂ ಸಾಧ್ಯವಿಲ್ಲ. ಮುಂದಿನ ರಾಜ್ಯ ಬಜೆಟ್‌ನ ಉನ್ನತ ಶಿಕ್ಷಣದ ಪುಟದಲ್ಲಿ ಮೊದಲು ನೋಡಬೇಕಾದ ಸಾಲು ಇದು.